ಒಣಮೀನಿನ ಗಂಗಿಯೂ ಇಂಗ್ಲೆಂಡಿನ ನಾಲ್ವರೂ

ಹೊನ್ನಾವರದ ಅಳಿವೆಯ ಪಕ್ಕದ ಮರಳಿನಲ್ಲಿ ಮೀನು ಒಣಗಿಸುವ ಹೆಂಗಸರ ಸಾಲಿನಲ್ಲಿ ಗಂಗಿಯ ಜಾಗ ಕಟ್ಟಕಡೆಯದು. ಆಚೆಗೆ ಗಾಳಿಮರದ ತೋಪು, ಈಚೆಗೆ ಸೋಮಿಯ ಜಾಗ. ಕಡೆಯ ಜಾಗಕ್ಕೆ ಗಾಳಿ ಧಾರಾಳ, ಕಾಗೆಯೂ ಧಾರಾಳ. ತೋಪಿನ ಕಾಗೆಗಳೆಲ್ಲ ಮೊದಲ ಪಂಕ್ತಿಗೆ ಕೂರುವುದು ಅವಳ ಬಂಗಡೆ ಮೀನಿನ ಮುಂದೆಯೇ. ಹಳೇ ಬಲೆ ಹೊದೆಸಿದರೆ ಬಲೆಗಣ್ಣಿನ ಸಂದಿನಲ್ಲಿ ಕೊಕ್ಕು ಹಾಕುತ್ತಿದ್ದವು. ಕೋಲು ಹಿಡಿದು ಈ ತುದಿಗೆ ಓಡಿದರೆ ಆ ತುದಿಯಲ್ಲಿ ಇಳಿಯುತ್ತಿದ್ದವು. ಐವತ್ತು ದಾಟಿದ ಮೊಣಕಾಲು ಎಷ್ಟು ಓಡೀತು?

ತೊಂಬತ್ತೆಂಟನೆಯ ಇಸವಿಯಲ್ಲಿ ಅವಳ ಅಕ್ಕನ ಮಗ ದಿನಕರ ಕುಮಟೆಯಲ್ಲಿ ವೆಲ್ಡಿಂಗ್ ಕಲಿತು ಮುಗಿಸಿ, ಗೋವಾದಲ್ಲಿ ಅದಿರು ಸಾಗಿಸುವ ಬಾರ್ಜ್ ರಿಪೇರಿ ಮಾಡುವ ಯಾರ್ಡಿಗೆ ಕೆಲಸಕ್ಕೆ ಹೊರಟ. ಹೋಗುವಾಗ ತನ್ನ ಟೇಪ್‌ರೆಕಾರ್ಡರನ್ನೂ ಮೂರು ಕ್ಯಾಸೆಟ್ಟುಗಳನ್ನೂ ಚಿಕ್ಕಿಯ ಮನೆಯಲ್ಲಿ ಇಟ್ಟ. ಮನುಷ್ಯರ ದನಿ ಕೇಳಿದರೆ ಕಾಗೆ ಬರಲಿಕ್ಕಿಲ್ಲ ಎಂದು ಗಂಗಿ ಅದನ್ನು ಮರಳಿಗೆ ಹೊತ್ತಳು.

ಮೊದಲು ಯಕ್ಷಗಾನ ಹಾಕಿದಳು. ಭಾಗವತರು ಎರಡು ಗಂಗಾಳ ಅನ್ನ ಉಂಡು ಎದ್ದವರ ಹಾಗೆ ಎಳೆಯುತ್ತಿದ್ದರು. ಕ್ಯಾಸೆಟ್ಟೇ ಹಾಳಾಗಿದೆ ಎಂದು ಬದಿಗಿಟ್ಟಳು. ಭಜನೆ ಹಾಕಿದಳು. ಪ್ರಸಾದ ಸಿಗಬಹುದು ಎಂಬಂತೆ ಕಾಗೆಗಳು ಇನ್ನೂ ಹತ್ತಿರ ಬಂದವು. ಮೂರನೆಯದು, ಭಟ್ಕಳದಲ್ಲಿ ಗಲ್ಫ್ ಸಾಮಾನು ಮಾರುವ ಅಂಗಡಿಯಿಂದ ದಿನಕರ ತಂದದ್ದು. ಮೇಲಿನ ಚಿತ್ರದಲ್ಲಿ ತಲೆಗೂದಲು ಭುಜಕ್ಕೆ ಬಿಟ್ಟ ನಾಲ್ಕು ಹುಡುಗರು ಯಾವುದೋ ಕಾರ್ಖಾನೆಯ ಗೋಡೆಗೆ ಒರಗಿ ನಿಂತಿದ್ದರು. ಇಂಗ್ಲೆಂಡಿನವರು, ಇದು ಅವರು ಶುರುವಿನಲ್ಲಿ ಮಾಡಿದ ಕ್ಯಾಸೆಟ್ಟು ಎಂದಷ್ಟೇ ದಿನಕರ ಹೇಳಿದ್ದ. ಹೆಸರು ಇಂಗ್ಲಿಷಿನಲ್ಲಿತ್ತು. ಗಂಗಿಗೆ ಬಸ್ಸಿನ ಬೋರ್ಡು ಓದುವಷ್ಟೇ ಅಕ್ಷರ.

ಗುಂಡಿ ಒತ್ತಿದಳು. ದೋಣಿಯ ಅಡಿಮರವನ್ನು ಕಲ್ಲಿನ ಮೇಲೆ ಎಳೆದಂಥ ಸದ್ದು ಎದ್ದಿತು. ತೋಪಿನ ಕಾಗೆಗಳೆಲ್ಲ ಒಮ್ಮೆಲೇ ಹಾರಿಹೋದವು. ಸೋಮಿಯೂ ಎದ್ದು ನಿಂತಳು.

ಮೂರು ದಿನ ಕಾಗೆ ಬರಲಿಲ್ಲ. ನಾಲ್ಕನೆಯ ದಿನ ಬಂದವು, ಕೂತು ಕೇಳಿದವು, ಬಂಗಡೆ ತಿಂದವು. ಕಾಗೆಗೆ ಅಭ್ಯಾಸವಾಯಿತು. ಅಷ್ಟರಲ್ಲಿ ಗಂಗಿಗೂ ಆಗಿತ್ತು. ಕಾಗೆಗೆ ಮತ್ತೆ ಕೋಲೇ ಗತಿಯಾಯಿತು. ಕ್ಯಾಸೆಟ್ಟು ಮಾತ್ರ ಅವಳಿಗಾಗಿ ಉಳಿಯಿತು.

ಅದರ ಒಂದೊಂದು ತಿರುವೂ ಅವಳಿಗೆ ಬಾಯಿಪಾಠ. ಮೊದಲ ಹಾಡಿನಲ್ಲಿ ಗಿಟಾರು ಒಂದೇ ಮಾತನ್ನು ನಾಲ್ಕು ಸಲ ಎಳೆದು ಹೇಳುತ್ತದೆ. ಆಮೇಲೆ ಸದ್ದೇ ಇಲ್ಲ. ಆ ನಿಲುಗಡೆಯಲ್ಲಿ ಒಂದು ಬಂಗಡೆಯನ್ನು ನಿಧಾನವಾಗಿ ಮಗುಚಿ ಹಾಕಬಹುದು. ಮಗುಚಿ ಕೈ ಎತ್ತುವ ಹೊತ್ತಿಗೆ ಸರಿಯಾಗಿ ಡ್ರಮ್ಮು ಬೀಳುತ್ತದೆ. ಡ್ರಮ್ಮು ಬಾರಿಸುವವನಿಗೆ ಮನೆಗೆ ಹೋಗುವ ಗಡಿಬಿಡಿಯಿಲ್ಲ. ಅದಕ್ಕೇ ನಾಲ್ವರಲ್ಲಿ ಅವನ ಮೇಲೆ ಅವಳಿಗೆ ಹೆಚ್ಚು ಮರ್ಯಾದೆ. ಎರಡನೆಯ ಬದಿಯ ಕೊನೆಯಲ್ಲಿ ಗಿಟಾರಿನವನು ಒಂದು ಕಡೆ ಎಡವುತ್ತಾನೆ. ಎಡವಿದ್ದನ್ನು ಅಳಿಸದೆ ಹಾಗೇ ಬಿಟ್ಟಿದ್ದಾರೆ. ಅದು ಬಂದಾಗಲೆಲ್ಲ ಗಂಗಿ ನಗುತ್ತಿದ್ದಳು, ಮುಚ್ಚಿಡದ ಮಕ್ಕಳು ಎಂದು ಸೋಮಿಗೆ ಹೇಳುತ್ತಿದ್ದಳು.

ಹಾಡುವವನು ಏನು ಕೂಗುತ್ತಾನೆ ಎಂದು ಸೋಮಿ ಕೇಳಿದಾಗ ಗಂಗಿ ತಡವರಿಸಲಿಲ್ಲ. ಹಿಂದೊಮ್ಮೆ ಮೀನಬುಟ್ಟಿ ಹತ್ತಿಸದ ಬಸ್ಸಿನ ಎದುರು ನಲವತ್ತು ಹೆಂಗಸರು ರಸ್ತೆಯಲ್ಲಿ ಕೂತಿದ್ದರು, ಇವರಿಬ್ಬರೂ ಇದ್ದರು. ಮೂರು ತಾಸು ಘೋಷಣೆ ಕೂಗಿ ಎಲ್ಲರ ಗಂಟಲೂ ಬಿದ್ದುಹೋಗಿತ್ತು, ಸಿಟ್ಟು ಮಾತ್ರ ಹಾಗೇ ಇತ್ತು. ಇವನದೂ ಆ ಮೂರನೆಯ ತಾಸಿನ ದನಿ ಎಂದಳು. ಸೋಮಿಗೆ ಅಷ್ಟು ಸಾಕಾಯಿತು. ಸಂಗೀತದ ಮೇಲೆ ಪುಟಗಟ್ಟಲೆ ಬರೆಯುವವರಿಗೆ ಇಷ್ಟು ಹೇಳಲು ಆಗಿದ್ದರೆ ಕಾಗದವಾದರೂ ಉಳಿಯುತ್ತಿತ್ತು.

ಕೆಲಸವೂ ಕ್ಯಾಸೆಟ್ಟಿನ ಅಳತೆಗೇ ಹೊಂದಿಕೊಂಡಿತು. ಒಂದು ಬದಿ ಮುಗಿಯುವುದರೊಳಗೆ ಹದಿನಾಲ್ಕು ಸಾಲು ಮೀನು ಮಗುಚಿ ಮುಗಿಯಬೇಕು. ಮುಗಿಯುತ್ತಿತ್ತು ಕೂಡ, ಐದು ವರ್ಷ, ಒಂದು ಮೀನು ಹೆಚ್ಚಿಲ್ಲ, ಕಡಿಮೆಯಿಲ್ಲ.

ಟೇಪಿಗೆ ನಾಲ್ಕು ದಪ್ಪ ಸೆಲ್ಲು ಬೇಕು. ಹೊಸ ಸೆಲ್ಲು ಅವಳ ಮನೆಯಲ್ಲಿ ಹೋಗುತ್ತಿದ್ದುದು ನಾಲ್ಕು ಸೆಲ್ಲಿನ ಉದ್ದ ಟಾರ್ಚಿಗೆ. ಟಾರ್ಚಿನಲ್ಲಿ ಬೆಳಕು ಸೋತ ಮೇಲೆ ಅವಕ್ಕೆ ಟೇಪಿಗೆ ಬಡ್ತಿ. ಮೊದಲ ದಿನದಿಂದ ನಡೆದು ಬಂದದ್ದು ಹೀಗೆಯೇ. ಟೇಪಿನಲ್ಲೂ ಸುಸ್ತಾದರೆ ಒಂದು ತಗಡಿನ ಮೇಲೆ, ಬಂಗಡೆಯ ಪಕ್ಕ, ಬಿಸಿಲಿಗೆ ಹಾಕುತ್ತಿದ್ದಳು. ಕಾದ ಸೆಲ್ಲು ಮತ್ತೆರಡು ದಿನ ಎಳೆಯುತ್ತಿತ್ತು. ಕರಾವಳಿಯಲ್ಲಿ ಸೆಲ್ಲು ಒಣಗಿಸದ ಮನೆ ಯಾವುದಿದೆ?

ಎರಡು ಸಾವಿರದ ಮೂರರ ಜನವರಿಯಲ್ಲಿ ದಿನಕರ ಹದಿನೈದು ದಿನದ ರಜೆಗೆ ಬಂದ. ಟೇಪಿನ ಬೆನ್ನು ಬಿಚ್ಚಿ ನೋಡಿದರೆ ಸೆಲ್ಲುಗಳ ಬಾಯಲ್ಲಿ ಬಿಳೀ ನೊರೆ. ಪಾಪ ಚಿಕ್ಕಿ ಎಂದುಕೊಂಡು ಹಳೆಯವನ್ನು ಹೊಳೆಗೆ ಎಸೆದು, ಪೇಟೆಯಿಂದ ನಾಲ್ಕು ಹೊಸ ಸೆಲ್ಲು ತಂದು ಹಾಕಿದ. ಹೇಳಲೂ ಇಲ್ಲ. ಒಳ್ಳೆಯ ಕೆಲಸ ಮಾಡಿ ಸುಮ್ಮನಿರುವ ಹುಡುಗ.

ಮಾರನೆಯ ಬೆಳಗ್ಗೆ ಗಂಗಿ ಗುಂಡಿ ಒತ್ತಿ ಮೊದಲ ಸಾಲಿಗೆ ಬಗ್ಗಿದಳು. ಗಿಟಾರು ನಾಲ್ಕು ಸಲ ಹೇಳಿತು. ಅವಳ ಕೈಯಲ್ಲಿ ಬಂಗಡೆ ಇನ್ನೂ ಅರ್ಧ ತಿರುಗಿತ್ತು, ಡ್ರಮ್ಮು ಬಿದ್ದುಬಿಟ್ಟಿತು. ಹಾಡುವವನ ದನಿ ಹುಂಜದ ಹಾಗೆ ಮೇಲೇರಿತ್ತು. ಹನ್ನೆರಡನೆಯ ಸಾಲು ಮುಗಿಯುವಷ್ಟರಲ್ಲಿ ಬದಿ ಮುಗಿದು ಟಕ್ಕೆಂದಿತು. ಎರಡು ಸಾಲು ಬಾಕಿ.

ಅವಳು ಮೀನಿನ ಕೈಯಲ್ಲೇ ಮನೆಗೆ ಹೋಗಿ ದಿನಕರನನ್ನು ಚಾಪೆಯಿಂದ ಎಬ್ಬಿಸಿದಳು.

"ಎಂತ ಮಾಡಿ ಹಾಕಿದ್ಯೋ ಟೇಪಿಗೆ? ಬಸ್ಸು ತಪ್ತದೆ ಅನ್ನೋರ ಹಾಗೆ ಓಡ್ತಿದ್ರಲ್ಲ ನಾಲ್ಕೂ ಜನ."

ದಿನಕರ ಕಣ್ಣುಜ್ಜಿಕೊಳ್ಳುತ್ತ ಮರಳಿಗೆ ಬಂದು ಕೇಳಿದ. ಸರಿಯಾಗಿಯೇ ಇತ್ತು. ಚಿಕ್ಕಿ ಇಷ್ಟು ವರ್ಷ ಟಾರ್ಚಿನ ಸತ್ತ ಸೆಲ್ಲು ಹಾಕುತ್ತಿದ್ದಳೆಂದು ತಿಳಿದ ಮೇಲೆ ಅವನಿಗೆ ವಿಷಯ ಹೊಳೆಯಿತು. ನಕ್ಕು ನಕ್ಕು ಮರಳಿನ ಮೇಲೆ ಕೂತ. ಸೆಲ್ಲಿನಲ್ಲಿ ಶಕ್ತಿಯಿಲ್ಲದಿದ್ದರೆ ಚಕ್ರ ನಿಧಾನ ತಿರುಗುತ್ತದೆ, ಹಾಡೂ ನಿಧಾನವಾಗುತ್ತದೆ, ದನಿ ತಗ್ಗುತ್ತದೆ ಎಂದು ಬಿಡಿಸಿ ಹೇಳಿದ. ಭಾಗವತರ ಊಟದ ಗುಟ್ಟೂ ಅದೇ. ಗಂಗಿ ಒಪ್ಪಲಿಲ್ಲ. ಅವನಿಗೆ ನಗು ತಡೆಯಲಾಗದೆ ಒಂದು ಮಾತು ಬಾಯಿಂದ ಹೊರಬಿತ್ತು.

"ಅವ್ರು ಹಾಡಿದ್ದು ಹೀಗೇ ಚಿಕ್ಕಿ. ಐದು ವರ್ಷ ನೀ ಕೇಳಿದ್ದನ್ನ ಅವ್ರು ಹಾಡೇ ಇಲ್ಲ."

ಗಂಗಿಯ ಮುಖ ನೋಡಿ ಅವನ ನಗು ಅಲ್ಲೇ ನಿಂತಿತು. ಅವಳು, ಗಂಡ ಸತ್ತ ವರ್ಷವೂ ನಿಲ್ಲಿಸದೆ ಹಾಕಿದ್ದ ಕ್ಯಾಸೆಟ್ಟನ್ನು ತೆಗೆದು ಸೆರಗಿಗೆ ಒರೆಸಿ, ಡಬ್ಬಿಗೆ ಹಾಕಿ ಮುಚ್ಚಿದಳು.

ತಪ್ಪು ತಿದ್ದಿಕೊಳ್ಳಲು ದಿನಕರ ಆ ನಾಲ್ವರ ಹೊಸ ಕ್ಯಾಸೆಟ್ಟನ್ನು ಚೀಲದಿಂದ ತೆಗೆದುಕೊಟ್ಟ. ಗಂಗಿ ಎರಡು ಹಾಡು ಕೇಳಿದಳು. ಎಲ್ಲ ಚೊಕ್ಕ, ಎಲ್ಲಿಯೂ ಎಡವಿಲ್ಲ, ಹಿಂದೆ ಪಿಟೀಲಿನ ಮೇಳ ಬೇರೆ.

"ಇವ್ರಿಗೆ ಹೊಟ್ಟೆ ತುಂಬಿದೆ" ಎಂದು ವಾಪಸು ಕೊಟ್ಟಳು.

ಎರಡು ದಿನ ಮರಳಿನಲ್ಲಿ ಟೇಪಿಲ್ಲ. ಅಂದಾಜಿನ ಮೇಲೆ ಮೀನು ಮಗುಚಿ, ಒಂದೆರಡು ಸಾಲು ಒಂದೇ ಮಗ್ಗುಲಿಗೆ ಸುಟ್ಟ ಹಾಗೆ ಒಣಗಿದವು. ಮೂರನೆಯ ದಿನ ಅವಳು ಹೊಸ ಸೆಲ್ಲುಗಳನ್ನು ಟೇಪಿನಿಂದ ಕಿತ್ತು ಟಾರ್ಚಿಗೆ ಹಾಕಿದಳು. ಟಾರ್ಚನ್ನು ಹೊತ್ತಿಸಿ, ನಡುಹಗಲಿನಲ್ಲಿ, ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಇಟ್ಟಳು.

ಸೋಮಿ ಬಂದು ನೋಡಿದಳು. ಬಿಸಿಲಿಗೆ ಬೆಳಕು ಸಾಲದೇ ಬಂತೇನೆ ಎಂದು ಕೇಳಿದಳು. ಗಂಗಿ ಸೆಲ್ಲು ಸಾಯಿಸುತ್ತಿದ್ದೇನೆ ಎಂದಳು. ಸಾಯಿಸುವುದಿದ್ದರೆ ತನಗೇ ಕೊಡು, ಅಟ್ಟದಲ್ಲಿ ಇಲಿ ಹುಡುಕುವುದಿದೆ ಎಂದು ಸೋಮಿ ಒಯ್ದಳು. ಅವಳಿಂದ ಟಾರ್ಚು ಇನ್ನೆರಡು ಮನೆ ಸುತ್ತಿ ಬಂತು. ಒಂದು ವಾರದಲ್ಲಿ ಅದರ ಬೆಳಕು ಅರಿಶಿನದ ನೀರಿನ ಬಣ್ಣಕ್ಕೆ ಇಳಿದಾಗ ಗಂಗಿ ಸೆಲ್ಲು ತೆಗೆದು ತಗಡಿಗೆ ಹಾಕಿ, ಬಂಗಡೆಯ ಪಕ್ಕ ಒಂದು ದಿನ ಕಾಯಿಸಿದಳು. ಟೇಪಿಗೆ ಹಾಕಿ ಒಂದೆರಡು ಸಾಲು ಮಗುಚಿ ನೋಡಿದಳು. ಇನ್ನೂ ತುಸು ಚುರುಕು. ಮತ್ತೆ ಟಾರ್ಚಿಗೆ ಕಳಿಸಿದಳು.

ದಿನಕರ ಗೋವಾಕ್ಕೆ ಹೊರಡುವ ಬೆಳಗ್ಗೆ, ಹೆಗಲಿಗೆ ಚೀಲ ಹಾಕಿಕೊಂಡು ಹೇಳಿ ಹೋಗಲು ಮರಳಿಗೆ ಬಂದ. ಗಂಗಿ ಮೊದಲ ಸಾಲಿನ ಮುಂದೆ ಬಗ್ಗಿದ್ದಳು. ಗಿಟಾರು ನಾಲ್ಕನೆಯ ಸಲ ಎಳೆಯುತ್ತಿತ್ತು. ದಿನಕರನಿಗೆ ಆ ಹಾಡು ಸಾವಿರ ಸಲ ಕೇಳಿದ್ದೇ, ಡ್ರಮ್ಮು ಎಲ್ಲಿ ಬೀಳುತ್ತದೆ ಎಂದು ಅವನ ಕಾಲಿಗೇ ಗೊತ್ತು. ಕಾಲು ತಟ್ಟಿದ. ಡ್ರಮ್ಮು ಬೀಳಲಿಲ್ಲ. ಚಿಕ್ಕಿಯ ಕೈಯಲ್ಲಿ ಬಂಗಡೆ ನಿಧಾನವಾಗಿ ಮಗ್ಗುಲು ಬದಲಿಸಿತು, ಮರಳಿಗೆ ತಾಗಿತು, ಕೈ ಮೇಲೆದ್ದಿತು. ಆಗ ಬಿತ್ತು. ಯಾರ್ಡಿನಲ್ಲಿ ಬಾರ್ಜಿನ ಅಡಿತಗಡು ಕ್ರೇನಿನಿಂದ ಇಳಿದು ನೆಲ ಮುಟ್ಟಿದ ಹಾಗಿತ್ತು.

ಚೀಲ ಇಳಿಸಿದ. ಕೊನೆಯ ಸಾಲಿಗೆ ಹೋಗಿ ತಾನೂ ಮೀನಿಗೆ ಕೈ ಹಾಕಿದ.

"ನೀ ಸುಮ್ನೆ ಕೂತ್ಕ" ಎಂದಳು ಗಂಗಿ. "ಅಳತೆ ತಪ್ತದೆ. ಕೋಲು ತಕ, ಕಾಗೆ ನೋಡು."

ದಿನಕರ ಕೋಲು ಹಿಡಿದು ಕೂತ. ಹಾಡುವವನು ಮೂರನೆಯ ತಾಸಿನ ಗಂಟಲಿನಲ್ಲಿ ಕೂಗುತ್ತಲೇ ಇದ್ದ. ಬಸ್ಸಿಗೆ ಹೊತ್ತಾಗಲಿಲ್ಲವೇ ಎಂದು ಪಕ್ಕದಿಂದ ಸೋಮಿ ಎರಡು ಸಲ ಕೇಳಿದಳು. ಅವನು ಕಾಗೆಯತ್ತ ಕೋಲು ಬೀಸಿದ. ಹದಿನಾಲ್ಕನೆಯ ಸಾಲಿನ ಕಡೆಯ ಬಂಗಡೆಯನ್ನು ಗಂಗಿ ಮಗುಚಿದಳು, ಟೇಪು ಟಕ್ಕೆಂದಿತು.

ಅವಳು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಳು.

"ಈಗ ಹೇಳು. ಇದ್ನ ಯಾರು ಹಾಡಿದ್ದು?"

ದಿನಕರ ಎದ್ದ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕ್ಯಾಸೆಟ್ಟು ತೆಗೆದು ಇನ್ನೊಂದು ಬದಿಗೆ ಮಗುಚಿ ಹಾಕಿದ.