ಮ್ಯೂಸಿಯಮ್ಮಿನ ತೊಟ್ಟಿಲಿಗೊಬ್ಬ ಗುಂಡಪ್ಪ

ನಾನು ಶಕುನ ಗಿಕುನ ನಂಬುವವನಲ್ಲ. ಬೆಕ್ಕು ಅಡ್ಡ ಬಂದರೆ, ಪಾಪ, ಅದಕ್ಕೂ ಏನೋ ಕೆಲಸವಿರಬೇಕು ಎಂದುಕೊಂಡು ಮುಂದೆ ಹೋಗುವವರ ಪೈಕಿ. ಮೈಸೂರಿನಲ್ಲಿದ್ದಾಗಲೂ ಹೀಗೇ ಹೇಳುತ್ತಿದ್ದೆ. ಮೆಲ್ಬರ್ನಿಗೆ ಬಂದ ಮೇಲೆ ಇನ್ನೂ ಜೋರಾಗಿ ಹೇಳತೊಡಗಿದೆ. ಇಲ್ಲಿ ಬೆಕ್ಕುಗಳು ಹೆಚ್ಚಾಗಿ ಮನೆಯೊಳಗೇ ಇರುವುದರಿಂದ ಧೈರ್ಯ ಸುಲಭ. ಆ ಧೈರ್ಯ ಒಂದು ತೊಟ್ಟಿಲಿನ ಮುಂದೆ ಮಕಾಡೆ ಬಿದ್ದ ಸಂಗತಿಯನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಮೆಲ್ಬರ್ನಿನ ಅಂಚಿನ ಪಾಯಿಂಟ್ ಕುಕ್‌ನಲ್ಲಿ ವಾರಕ್ಕೊಂದು ಹೊಸ ಬೀದಿ ಹುಟ್ಟುತ್ತಿದ್ದ ಕಾಲ ಅದು. ನಾವು ರೆಂಟಿಗಿದ್ದ ಮನೆಯ ಪೇಂಟಿನ ವಾಸನೆಯೂ ಹೋಗಿರಲಿಲ್ಲ. ಹೆಂಡತಿ ವೀಣಾಗೆ ಏಳು ತಿಂಗಳು. ಬಾಣಂತನಕ್ಕೆಂದು ನಮ್ಮಮ್ಮ ಮೈಸೂರಿನಿಂದ ಬಂದಿದ್ದರು. ಹಿಂದಿನ ಸಲ ನಾಲ್ಕನೇ ತಿಂಗಳಲ್ಲೇ ಮಗು ಹೋಗಿಬಿಟ್ಟಿತ್ತು. ಈ ಸಲ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಎಲ್ಲರೂ ಅದನ್ನೇ ಯೋಚಿಸುತ್ತಿದ್ದೆವು. ನಾನಂತೂ ಫೋನ್ ಮೊದಲ ಸಲ ರಿಂಗಾಗುವಷ್ಟರಲ್ಲೇ ಎತ್ತುತ್ತಿದ್ದೆ.

ಒಂದು ಭಾನುವಾರ, ಗಾಳಿ ಬದಲಾಗಲಿ ಎಂದು ಇಬ್ಬರನ್ನೂ ನಗರದಾಚೆಯ ಬಯಲು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಮೊದಲು ವಲಸೆ ಬಂದವರ ಹಳೆಯ ಮನೆಗಳನ್ನು ಎಲ್ಲೆಲ್ಲಿಂದಲೋ ಬಿಚ್ಚಿ ತಂದು, ಹುಲ್ಲಿನ ಮೇಲೆ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಒಂದು ಮನೆಯ ಗೋಡೆಯನ್ನು ಅಮ್ಮ ಉಗುರಿನಿಂದ ಕೆರೆದು ನೋಡಿ ದಂಗಾದರು.

“ಮಣ್ಣಿನ ಗೋಡೆ ನೋಡೋಕೂ ಟಿಕೆಟ್ಟೇನೋ? ಹೇಳಿದ್ರೆ ನಾನೇ ಊರಲ್ಲಿ ಫ್ರೀಯಾಗಿ ತೋರಿಸ್ತಿದ್ನಲ್ಲೋ!”

ಹಾಗಂದರೂ ಚಪ್ಪಲಿಯನ್ನು ಹೊರಗೆ ಬಿಟ್ಟೇ ಒಳಗೆ ಬಂದರು. ಮನೆಯೆಂದ ಮೇಲೆ ಮನೆ.

ಒಳಗೆ ವಿವರಣೆ ಕೊಡುತ್ತಿದ್ದವರು ಬಿಳಿಗೂದಲಿನ ಒಬ್ಬ ಆಂಟಿ. ಅವರ ಹಿರಿಯರು ಅಕೇಡಿಯನ್ನರಂತೆ, ಅಂದರೆ ಹಿಂದೆ ಯಾವಾಗಲೋ ಕೆನಡಾಕ್ಕೆ ಹೋಗಿ ನೆಲೆಸಿದ ಫ್ರೆಂಚ್ ರೈತರು. ಅಲ್ಲಿಯೂ ಅವರದೊಂದು ಮನೆಯನ್ನು ಹೀಗೇ ಮ್ಯೂಸಿಯಮ್ಮಿನಲ್ಲಿ ಉಳಿಸಿದ್ದಾರಂತೆ. ಅದೇ ಮಣ್ಣು, ಅದೇ ಹುಲ್ಲು, ಒಲೆಯ ಪಕ್ಕ ಇಂಥದೇ ಮರದ ತೊಟ್ಟಿಲು. ಹಾಗೆ ಹೇಳುತ್ತಾ ತೊಟ್ಟಿಲನ್ನು ಕೈಯಿಂದ ತೋರಿಸಿ, ಉಳಿದ ಜನರನ್ನು ಹಿತ್ತಲಿನ ಬ್ರೆಡ್ ಒಲೆಯ ಕಡೆಗೆ ಕರೆದೊಯ್ದರು.

ನಾವು ಮೂವರೇ ಉಳಿದೆವು. ವೀಣಾ, ಯಾರೂ ಮುಟ್ಟದಿರಲೆಂದು ಅಡ್ಡ ಕಟ್ಟಿದ್ದ ಹಗ್ಗದ ಮೇಲಿಂದ ಕೈ ಚಾಚಿ, ಏನೋ ಯೋಚಿಸುತ್ತಾ, ತೊಟ್ಟಿಲನ್ನು ಮೆಲ್ಲಗೆ ತೂಗಿದಳು. ಕಿರ್ರ್, ಕಿರ್ರ್.

“ಅಯ್ಯಯ್ಯೋ, ಕೈ ತೆಗಿಯೇ! ಖಾಲಿ ತೊಟ್ಟಿಲು ತೂಗ್ತಾರೇನೇ?”

ವೀಣಾಳ ಮುಖ ಬಿಳಿಚಿಕೊಂಡಿತು. “ಸುಮ್ನೆ... ನಂಗೆ ಗೊತ್ತಾಗ್ಲಿಲ್ಲ, ಅತ್ತೆ,” ಎಂದು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ಇದೆಲ್ಲ ಮೂಢನಂಬಿಕೆ ಎಂದು ಹೇಳಬೇಕಾದವನು ನಾನು. ಅದರ ಬದಲು ಕೈ ಚಾಚಿ, ಇನ್ನೂ ತೂಗುತ್ತಿದ್ದ ತೊಟ್ಟಿಲನ್ನು ಹಿಡಿದು ನಿಲ್ಲಿಸಿದೆ. ನಿಜ ಹೇಳುತ್ತೇನೆ, ಆ ಕಿರ್ರ್ ಶಬ್ದ ನನ್ನ ಹೊಟ್ಟೆಯೊಳಗೇ ಕೇಳಿಸಿತು.

ಅಮ್ಮ ಆಗಲೇ ಕೆಲಸಕ್ಕಿಳಿದಿದ್ದರು. ಬಾಗಿಲಿಗೆ ಒತ್ತು ಕೊಟ್ಟಿದ್ದ ಉರುಟು ಕಲ್ಲನ್ನು ಎತ್ತಿ, ಬಾಟಲಿಯ ನೀರಿನಲ್ಲಿ ತೊಳೆದು, ಸೆರಗಿನಿಂದ ಒರೆಸಿ, ತಮ್ಮ ಶಾಲಿನಲ್ಲಿ ಸುತ್ತಿದರು. ನಮ್ಮ ಮನೆಯ ಮೆಟ್ಟಿಲು ಹತ್ತಲು ಮಂಡಿನೋವು ಎನ್ನುವವರು ಹಗ್ಗ ದಾಟಿ ಹೋಗಿ, ಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತಟ್ಟಿದರು. ಗುಂಡಪ್ಪ! ನಿಮಗೆ ಗೊತ್ತಲ್ಲ, ನಮ್ಮಲ್ಲಿ ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲು ಹತ್ತುವವನು ಅವನೇ. ರುಬ್ಬುವ ಗುಂಡಿಗೆ ಕುಲಾವಿ ತೊಡಿಸಿ ಲಾಲಿ ಹಾಡುತ್ತಾರೆ. ಮಗು ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು ಕೆಲವರು, ಕೆಟ್ಟ ಕಣ್ಣೆಲ್ಲ ಮೊದಲು ಕಲ್ಲಿಗೇ ತಾಗಲಿ ಎಂದು ಇನ್ನು ಕೆಲವರು. ನಾನೂ ಗುಂಡಪ್ಪನ ಹಿಂದೆಯೇ ತೊಟ್ಟಿಲು ಹತ್ತಿದವನು. ತಲೆ ಗಟ್ಟಿಯಿದೆ ಎಂದು ವೀಣಾ ಆಗಾಗ ಹೇಳುತ್ತಾಳೆ.

“ಓ ಮೈ ಗಾಡ್!”

ಬಾಗಿಲಲ್ಲಿ ಆ ಆಂಟಿ. ನಮಗೆ ಪಿಆರ್, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ಇನ್ನೂ ಸಿಕ್ಕಿರಲಿಲ್ಲ. ಅಮ್ಮ ಹಗ್ಗದ ಆಚೆ, ಬರಿಗಾಲಲ್ಲಿ, ಮ್ಯೂಸಿಯಮ್ಮಿನ ತೊಟ್ಟಿಲು ತೂಗುತ್ತಿದ್ದಾರೆ. ತಡವರಿಸುತ್ತಾ ಇಂಗ್ಲಿಷಿನಲ್ಲಿ ವಿವರಿಸಿದೆ. ಖಾಲಿ ತೊಟ್ಟಿಲು, ಹಿಂದಿನ ಮಗು, ಕಲ್ಲು. ನನ್ನ ಕಿವಿಗೇ ಹುಚ್ಚರ ಮಾತಿನಂತೆ ಕೇಳಿಸಿತು.

ಆಕೆ ವೀಣಾಳ ಹೊಟ್ಟೆ ನೋಡಿದರು, ತೊಟ್ಟಿಲು ನೋಡಿದರು, ಧೊಪ್ಪನೆ ಬೆಂಚಿನ ಮೇಲೆ ಕೂತರು. ಆಮೇಲೆ ಅವರು ಹೇಳಿದ್ದು ಕೇಳಿ ಹೌಹಾರುವ ಸರದಿ ನನ್ನದಾಯಿತು. ಅವರ ಅಜ್ಜಿಯೂ ಖಾಲಿ ತೊಟ್ಟಿಲು ತೂಗಲು ಬಿಡುತ್ತಿರಲಿಲ್ಲವಂತೆ, ಮಗುವಿಗೆ ಆಗುವುದಿಲ್ಲ ಎಂದು! “ಸ್ಕೂಲ್ ಮಕ್ಕಳು ಬಂದಾಗಲೆಲ್ಲ ನಾನೇ ತೂಗಿ ತೋರಿಸಿದ್ದೀನಿ. ಅಜ್ಜಿ ಇದ್ದಿದ್ರೆ ಕೈ ಮೇಲೆ ಬಾರಿಸ್ತಿದ್ರು,” ಎಂದು ತಮ್ಮ ಕೈಯನ್ನೇ ನೋಡಿಕೊಂಡರು. ಕಲ್ಲನ್ನು ತೆಗೆಯಲು ಹೋದ ನನ್ನನ್ನು ತಡೆದರು. ಹೆರಿಗೆಯಾಗುವವರೆಗೂ ಅಲ್ಲೇ ಇರಲಿ, ಯಾರಾದರೂ ಕೇಳಿದರೆ ನಾನು ನೋಡಿಕೊಳ್ಳುತ್ತೇನೆ ಎಂದರು. ಅಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿದರೆ, ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಮತ್ತೆ? ಅವರೇನು ಮಕ್ಕಳನ್ನ ಸಾಕಿಲ್ವಾ?”

ಮಗಳು ದಿನ ತುಂಬಿಯೇ ಹುಟ್ಟಿದಳು. ಅವಳ ಅಳು ಕೇಳಿ, ಆಸ್ಪತ್ರೆಯ ಕಾರಿಡಾರಿನಲ್ಲಿ ನಾನೂ ಅತ್ತುಬಿಟ್ಟೆ. ಅಮ್ಮ ಊರಿಗೆ ಮರಳಿದ ಮೇಲೆ, ಆ ಆಂಟಿಗೆ ತೋರಿಸೋಣವೆಂದು ಮಗುವನ್ನು ಎತ್ತಿಕೊಂಡು ಮ್ಯೂಸಿಯಮ್ಮಿಗೆ ಹೋದೆವು. ಅವರಿಗೆ ಅಂದು ರಜೆ. ತೊಟ್ಟಿಲಲ್ಲಿ ಮಾತ್ರ ಗುಂಡಪ್ಪ ಹಾಗೇ ಮಲಗಿದ್ದ. ಮುಂದೆ ಒಬ್ಬ ಯಜಮಾನರು ತಮ್ಮ ಹೆಂಡತಿಗೆ ಗಂಭೀರವಾಗಿ ವಿವರಿಸುತ್ತಿದ್ದರು: ಹಿಂದಿನವರು ಚಳಿಗಾಲದಲ್ಲಿ ಕಲ್ಲು ಕಾಯಿಸಿ, ಬಟ್ಟೆಯಲ್ಲಿ ಸುತ್ತಿ, ಹೀಗೆ ಹಾಸಿಗೆ ಬೆಚ್ಚಗೆ ಮಾಡುತ್ತಿದ್ದರು. ಹೆಂಡತಿ ತಲೆದೂಗುತ್ತಿದ್ದರು. ಶಾಲಿನ ಅಂಚಿನಲ್ಲಿ ಮೈಸೂರಿನ ಅಂಗಡಿಯ ಚೀಟಿ ಇನ್ನೂ ಇತ್ತು!

ತಿದ್ದಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಣ್ಣಿಗೆ ಬಿತ್ತು, ಶಾಲು ಒಂದು ಕಡೆ ಜಾರಿಹೋಗಿತ್ತು. ಅವರು ಆಚೆ ಹೋಗುವವರೆಗೆ ಕಾದು, ಮಗಳನ್ನು ವೀಣಾಳ ಕೈಗೆ ಕೊಟ್ಟು ಹಗ್ಗ ದಾಟಿದೆ.

“ರೀ, ಏನ್ ಮಾಡ್ತಿದ್ದೀರಾ?”

“ಇವನ ತಲೆ ಮೇಲೆ ಬಟ್ಟೆ ಇಲ್ಲ ಕಣೇ,” ಎಂದೆ. “ಚಳಿ ಇದೆ.”