ಇಮಾಮನ ತಪ್ಪು ಮೈಕಿನಲ್ಲೇ ಹೇಳಬೇಕು

ಕೋವಿಡ್ ಅಡಗಿದ ಮೇಲಿನ ಎರಡನೇ ರಂಜಾನ್ ಅದು. ಆಗ ನಾನು ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂಬೀದಿಯ ಒಂದು ಸಣ್ಣ ಮಸೀದಿಯಲ್ಲಿ ಇಮಾಮನಾಗಿದ್ದೆ. ಐದು ಹೊತ್ತಿನ ನಮಾಜು ಮಾಡಿಸುವುದು, ಮಕ್ಕಳಿಗೆ ಕುರ್‌ಆನ್ ಓದಿಸುವುದು, ಶುಕ್ರವಾರ ಬಯಾನ್, ಅಂದರೆ ಪ್ರವಚನ ಕೊಡುವುದು, ಇವು ಸಂಬಳದ ಕೆಲಸಗಳು. ಸಂಬಳವಿಲ್ಲದ ಕೆಲಸ ಇನ್ನೊಂದಿತ್ತು: ಜನ ಕೇಳಿದ್ದಕ್ಕೆಲ್ಲ ಉತ್ತರ ಹೇಳುವುದು. ನಾನು ಎಡವಿದ್ದು ಅಲ್ಲಿ. ಮುಚ್ಚಿಡಿ ಎಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಮುಚ್ಚಿಡುವುದಿಲ್ಲ.

ರೋಜಾ, ಅಂದರೆ ಉಪವಾಸ ಶುರುವಾಗುವ ಹಿಂದಿನ ದಿನ, ಮಧ್ಯಾಹ್ನದ ನಮಾಜು ಮುಗಿಸಿ ಹೊರಗೆ ಬಂದಾಗ ಜುಬೇದಾ ಗೇಟಿನ ಬಳಿ ನಿಂತಿದ್ದರು. ಒಣಗಿದ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುವ ಕೆಲಸ ಅವರದು. ಐವತ್ತರ ಆಸುಪಾಸು, ಗಂಡ ತೀರಿಕೊಂಡಿದ್ದರು.

"ಹಜರತ್, ನಂಗೆ ಸಕ್ಕರೆ ಕಾಯ್ಲೆ. ದಿನಾ ಇನ್ಸುಲಿನ್ ಚುಚ್ಕೋತೀನಿ. ಚುಚ್ಕೊಂಡ್ರೆ ರೋಜಾ ಮುರಿದೋಯ್ತದಾ?"

ನನಗೆ ಗೊತ್ತಿರಲಿಲ್ಲ. ಮದರಸಾದಲ್ಲಿ ಓದಿದ್ದು ಅಲ್ಲೊಂದು ಇಲ್ಲೊಂದು ನೆನಪಿತ್ತು, ಅಷ್ಟೇ. ಆದರೆ ಹತ್ತು ಹದಿನೈದು ಜನ ಸುತ್ತ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ಇಷ್ಟೂ ತಿಳಿಯದವನು ಎಂಥ ಇಮಾಮ ಎಂದುಕೊಂಡಾರೆಂಬ ಹಾಳು ಅಂಜಿಕೆ. "ಮೈಯೊಳಗೆ ಏನೇ ಹೋದರೂ ರೋಜಾ ಮುರಿಯುತ್ತದಮ್ಮ" ಎಂದುಬಿಟ್ಟೆ. ಅವರು ತಲೆಯಾಡಿಸಿ ಹೋದರು.

ಐದನೇ ದಿನ ಬೆಳಿಗ್ಗೆ ಅವರ ಜೊತೆ ಕೆಲಸ ಮಾಡುವ ಗಂಗಮ್ಮ ಮಸೀದಿಯ ಗೇಟಿಗೇ ಬಂದರು. ಕಣ್ಣು ಕೆಂಪಾಗಿತ್ತು.

"ಏನ್ ಸಾಬ್ರೇ, ನಿಮ್ಮ ಮಾತು ಕೇಳ್ಕೊಂಡು ಸೂಜೀನೇ ಬುಟ್ಬುಟ್ಟವ್ಳೆ ಕಣ್ರೀ! ಗೋಡೌನಲ್ಲೇ ಬಿದ್ದೋದ್ಲು. ಆಟೋದಾಗೆ ಹಾಕ್ಕೊಂಡು ಆಸ್ಪತ್ರೆಗೆ ಸೇರಿಸಿ ಬಂದಿವ್ನಿ. ಹೋಗಿ ನೋಡೋಗಿ!"

ಹೋದೆ. ರಂಜಾನ್ ತಿಂಗಳು ಮುಗಿಯುವ ತನಕ ಸೂಜಿಯನ್ನೇ ಮುಟ್ಟಬಾರದು ಎಂದು ಜುಬೇದಾ ತಿಳಿದುಕೊಂಡಿದ್ದರು. ಇನ್ಸುಲಿನ್ ಇಲ್ಲದೆ ರಕ್ತದ ಸಕ್ಕರೆ ಐನೂರು ದಾಟಿತ್ತು. ಡಾಕ್ಟರಮ್ಮ ಅದನ್ನು ಕೀಟೋಅಸಿಡೋಸಿಸ್ ಎಂದರು. ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಕರಗಿಸುತ್ತದೆ, ರಕ್ತ ಆಮ್ಲವಾಗುತ್ತದೆ, ಪ್ರಜ್ಞೆ ತಪ್ಪುತ್ತದೆ. "ಇನ್ನರ್ಧ ದಿನ ಹೋಗಿದ್ದರೆ ಹೆಣ ತರ್ತಿದ್ರು. ಯಾವ ಮಹಾನುಭಾವ ರೀ ಸೂಜಿ ಬಿಡಿ ಅಂದಿದ್ದು?" ಎಂದು ಆಯಮ್ಮ ಎಲ್ಲರ ಮುಂದೆ ಕೇಳಿದರು.

"ನಾನೇ" ಎಂದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತುಮಕೂರಿನಲ್ಲಿದ್ದ ನನ್ನ ಉಸ್ತಾದರಿಗೆ, ಅಂದರೆ ಗುರುಗಳಿಗೆ, ಫೋನ್ ಮಾಡಿದೆ. ಇಂಥ ಸೂಜಿಯಿಂದ ರೋಜಾ ಮುರಿಯದು ಎಂದೇ ಬಹಳಷ್ಟು ಉಲೆಮಾಗಳು, ಅಂದರೆ ಧರ್ಮಪಂಡಿತರು ಹೇಳುತ್ತಾರೆ, ಅದಿರಲಿ, ಕಾಯಿಲೆಯವರು ರೋಜಾ ಬಿಡಬಹುದೆಂದು ಕುರ್‌ಆನಿನಲ್ಲೇ ಇದೆಯಲ್ಲ ಎಂದರು. ಆಮೇಲೆ ಕೇಳಿದರು: "ಫತ್ವಾದ ಕೊನೆಗೆ ಏನು ಬರೀತೀಯ?"

"ವಲ್ಲಾಹು ಆಲಮ್."

ಅಲ್ಲಾಹನೇ ಹೆಚ್ಚು ಬಲ್ಲ ಎಂದರ್ಥ. ಎಂಥ ದೊಡ್ಡ ವಿದ್ವಾಂಸನೂ ತನ್ನ ತೀರ್ಪಿನ ಕೆಳಗೆ ಇದನ್ನು ಬರೆಯದೆ ಸಹಿ ಹಾಕುವುದಿಲ್ಲ. ನಾನೂ ನೂರಾರು ಸಲ ಬರೆದಿದ್ದೆ.

"ಕೈ ಬರೀತದೆ. ಬಾಯಿಗೇನು ದೊಡ್ಡ ರೋಗ ಬಂದಿತ್ತು?" ಎಂದು ಫೋನ್ ಇಟ್ಟರು.

ಅವತ್ತೇ ಬೀದಿಯಲ್ಲಿ ವಿಚಾರಿಸಿದೆ. ನನ್ನ ಮಾತು ಕೇಳಿ ಇನ್ನೂ ಮೂವರು ಸೂಜಿ ಬಿಟ್ಟಿದ್ದರು! ಅವರ ಮನೆಗೆ ಓಡಿ ಹೋಗಿ ಹೇಳಿದೆ. ಆದರೆ ಮಾತು ಎಲ್ಲೆಲ್ಲಿಗೆ ಹೋಗಿದೆಯೋ ಬಲ್ಲವರು ಯಾರು? ಮಾರನೆಯ ದಿನ ಶುಕ್ರವಾರ. ಮೈಕಿನಲ್ಲಿ ಹೇಳುತ್ತೇನೆಂದು ಮಸೀದಿ ಕಮಿಟಿಯ ಅಧ್ಯಕ್ಷರಿಗೆ ತಿಳಿಸಿದೆ. ಅವರು ಕೊಬ್ಬರಿ ವ್ಯಾಪಾರಿ, ಕೆಟ್ಟ ಮನುಷ್ಯರಲ್ಲ.

"ಸೂಜಿ ತಗೋಬಹುದು ಅಂತಷ್ಟೇ ಹೇಳಿ ಹಜರತ್. ನಾನು ತಪ್ಪು ಹೇಳಿದ್ದೆ ಅನ್ನೋದ್ಯಾಕೆ? ನಾಳೆ ನಿಮ್ಮ ಹಿಂದೆ ನಮಾಜಿಗೆ ಯಾರು ನಿಂತ್ಕೋತಾರೆ? ಮಸೀದಿ ಮರ್ಯಾದೆ ನೋಡಿ."

"ಅಷ್ಟೇ ಹೇಳಿದರೆ ಹೋದ ವಾರದ ಮಾತನ್ನೂ ನಂಬ್ತಾರೆ, ಇದನ್ನೂ ನಂಬ್ತಾರೆ. ಯಾರಾದ್ರೂ ಸತ್ತರೆ ಜನಾಜಾ ನಮಾಜು ಮಾಡಿಸೋನು ನಾನೇ ಅಲ್ವಾ ಸಾಹೇಬ್ರೇ? ಯಾವ ಮುಖ ಇಟ್ಕೊಂಡು ಮುಂದೆ ನಿಲ್ಲಲಿ?"

"ಹೇಳಿದ್ರೆ ಕಮಿಟಿ ಸುಮ್ನಿರಲ್ಲ."

"ಸುಮ್ನಿರೋದು ಬೇಡ ಬಿಡಿ" ಎಂದು ಎದ್ದು ಬಂದೆ.

ಶುಕ್ರವಾರ ಮಸೀದಿ ತುಂಬಿತ್ತು. ಬಯಾನ್ ಏನೂ ಕೊಡಲಿಲ್ಲ. "ಇನ್ಸುಲಿನ್ ವಿಷಯದಲ್ಲಿ ನಾನು ಹೇಳಿದ್ದು ತಪ್ಪು. ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಅಂತ ಸುಳ್ಳು ಹೇಳಿದೆ. ಅದರಿಂದ ಒಬ್ಬ ಹೆಣ್ಣುಮಗಳು ಸಾಯುವ ಸ್ಥಿತಿಗೆ ಹೋದರು. ಸೂಜಿ ಬಿಟ್ಟವರು ಈಗಲೇ ಡಾಕ್ಟರ ಹತ್ತಿರ ಹೋಗಿ" ಎಂದೆ. ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರು ತಲೆ ತಗ್ಗಿಸಿದರು. ಕೊನೆಯ ಸಾಲಿನಲ್ಲಿ ನನಗೆ ಪರಿಚಯವೇ ಇಲ್ಲದ ಒಬ್ಬ ಮುದುಕ ಗೋಡೆ ಹಿಡಿದು ಎದ್ದರು. ಬಿಳಿಗೆರೆಯಿಂದ ಬಂದವರಂತೆ.

"ನಾನೂ ಬುಟ್ಟಿದ್ದೆ ಸ್ವಾಮಿ. ತಲೆ ಸುತ್ತಾ ಅದೆ" ಎಂದರು. ಇಬ್ಬರು ಅವರನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೊರಟರು.

ಜುಬೇದಾ ಬದುಕುಳಿದರು. ವಾರ್ಡಿನಲ್ಲಿ ಅವರ ಮುಂದೆ ನಿಂತು ಕ್ಷಮೆ ಕೇಳಿದೆ. ಬೈಯಲಿ ಎಂದುಕೊಂಡಿದ್ದೆ, ಬೈಯಲಿಲ್ಲ. "ಸಿಟ್ಟಿಲ್ಲ ಹಜರತ್. ನಿಮ್ಗೂ ಗೊತ್ತಿಲ್ದೆ ಇರ್ತದೆ ಅಂತ ನಂಗೆ ಹೊಳೀಲೇ ಇಲ್ಲ" ಎಂದರು. ಹೊರಗೆ ಬಂದು ಮರದ ಕೆಳಗೆ ನಿಂತು ಅತ್ತೆ.

ಈದ್ ಆದ ಹದಿನೈದು ದಿನಕ್ಕೆ, ಬೇರೆ ಕಡೆ ನೋಡಿಕೊಳ್ಳಿ ಎಂದು ಕಮಿಟಿಯವರು ಹೇಳಿದರು. ಬೇಡಿಕೊಳ್ಳಲಿಲ್ಲ. ಪುಸ್ತಕದ ಟ್ರಂಕು ಹೊತ್ತುಕೊಂಡು ತುರುವೇಕೆರೆಯ ಕಡೆಯ ಮಸೀದಿಯೊಂದಕ್ಕೆ ಬಂದೆ. ಈ ವೃತ್ತಿ ನನಗೆ ಕಲಿಸಿದ್ದು ಇದು: ಧರ್ಮದ ಮಾತಾಡುವವನು ತನ್ನ ಮರ್ಯಾದೆ ಉಳಿಸಿಕೊಳ್ಳಲು ಹೋದರೆ ಅದಕ್ಕೆ ಬೆಲೆ ತೆರುವವರು ಅವನನ್ನು ನಂಬಿದವರು.

ಇಲ್ಲಿನ ಹಿರಿಯರು ಮೊದಲ ದಿನವೇ ಕೇಳಿದ್ದರು, "ಜನ ಕೇಳಿದ್ದಕ್ಕೆಲ್ಲ ಜವಾಬು ಕೊಡ್ತೀರಾ?"

"ಇಲ್ಲ" ಎಂದೆ. "ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತೀನಿ, ಮೈಕಲ್ಲೇ ಅಂತೀನಿ. ಎಲ್ಲಾ ಬಲ್ಲ ಇಮಾಮರು ಬೇಕಿದ್ರೆ ಈಗ್ಲೇ ಹೇಳ್ಬಿಡಿ, ಟ್ರಂಕು ಇನ್ನೂ ಆಟೋದಲ್ಲೇ ಇದೆ."