ಲಿಫ್ಟ್ ಮಾವನ ಕಾಲಿನ ಹರಕೆ

ಮೆಟ್ಟಿಲು ಹತ್ತುವವರನ್ನು ಕಂಡರೆ ನಮ್ಮ ಲಿಫ್ಟ್ ಮಾವ ಮೂಗು ಮುರಿಯುತ್ತಿದ್ದರು. ಮೂವತ್ತೆರಡು ವರ್ಷ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ. ಆರೋಗ್ಯಕ್ಕೆ ಒಳ್ಳೆಯದೆಂದು ಯಾರಾದರೂ ಮೆಟ್ಟಿಲ ಕಡೆ ತಿರುಗಿದರೆ ಅದು ತಮ್ಮ ಕಸುಬಿಗೇ ಆದ ಅವಮಾನ ಎಂದು ನೊಂದುಕೊಳ್ಳುತ್ತಿದ್ದರು. "ಮೆಟ್ಟಿಲು ಇರೋದು ಲಿಫ್ಟ್ ಕೆಟ್ಟಾಗ ಬೈಕೊಂಡು ಇಳಿಯೋಕೆ" ಎನ್ನುವುದು ಅವರ ಸಿದ್ಧಾಂತ. ತಾವು ಮಾತ್ರ ನೆಲಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದರು. ಮೇಲಿನ ಮಹಡಿಗೆ ಹೋದರೆ ಕಟ್ಟಡದವರು ಬಿಟ್ಟಿ ರಿಪೇರಿ ಮಾಡಿಸಿಕೊಳ್ಳುತ್ತಾರೆ ಎಂಬ ದೂರಾಲೋಚನೆ. ಆ ಮನೆಯ ಅಡುಗೆಕಟ್ಟೆಯ ಮೇಲೆ ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಬೇರಿಂಗ್ ಡಬ್ಬಿ, ಎರಡೂ ಒಂದೇ ಅಂಗಡಿಯ ಒಂದೇ ಥರದ ಡಬ್ಬಿ. ಅಲ್ಲಿಗೆ ಬಂದು ಅಭ್ಯಾಸವಿದ್ದ ನೆಂಟರು ಮುಚ್ಚಳ ತೆಗೆಯುವ ಮೊದಲು ಡಬ್ಬಿ ಅಲ್ಲಾಡಿಸಿ ಸದ್ದು ಕೇಳುತ್ತಿದ್ದರು.

ಅವರ ಹೆಂಡತಿ ನನ್ನ ಸೋದರತ್ತೆ. ನನ್ನನ್ನು ಎತ್ತಿ ಆಡಿಸಿದವಳು, ಇವತ್ತಿಗೂ ನನಗೆ ಬೈಯುವ ಹಕ್ಕನ್ನು ಬಿಟ್ಟುಕೊಟ್ಟವಳಲ್ಲ. ದೇವರ ಜೊತೆ ಅವಳದು ನೇರ ವ್ಯವಹಾರ, ನಡುವೆ ಪೂಜಾರಿ ಗೀಜಾರಿ ಇಲ್ಲ. ಮಾವನಿಗೆ ದೇವರ ಮೇಲೆ ದ್ವೇಷವೇನೂ ಇರಲಿಲ್ಲ. ವಿಳಾಸ ಗೊತ್ತಿಲ್ಲದ ಗಿರಾಕಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಅಷ್ಟೆ.

ನಾಲ್ಕು ವರ್ಷದ ಹಿಂದೆ ಒಂದು ಒಂಬತ್ತು ಮಹಡಿಯ ಕಟ್ಟಡದ ಮೇಲೆ ಕೆಲಸ ಮಾಡುತ್ತಿದ್ದಾಗ ಮಾವ ಎದೆ ಹಿಡಿದುಕೊಂಡು ಕುಸಿದರು. ಕಟ್ಟಡದಲ್ಲಿದ್ದದ್ದು ಒಂದೇ ಲಿಫ್ಟ್. ಅದನ್ನು ಅವರೇ ಬಿಚ್ಚಿ ಹರವಿಕೊಂಡು ಕೂತಿದ್ದರು. ಹಾಗಾಗಿ ಮಹಾನುಭಾವರನ್ನು ಕುರ್ಚಿಯ ಮೇಲೆ ಕೂರಿಸಿ, ಒಂಬತ್ತು ಮಹಡಿ ಮೆಟ್ಟಿಲಲ್ಲೇ ಇಳಿಸಿದರು. ಆಸ್ಪತ್ರೆಯಲ್ಲಿ ಎದೆ ಕೊಯ್ದು ಹೊಲಿದರು. ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಸುಮ್ಮನಿರಲಾರದೆ ಬೆಟ್ಟದ ದೇವರಿಗೆ ಹರಕೆ ಹೊತ್ತಳು.

ಹರಕೆಯ ಒಕ್ಕಣೆ ಮಾವನಿಗೆ ತಿಳಿದದ್ದು ಮೂರನೆಯ ದಿನ, ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ. ಅವರು ಬದುಕಿ ಉಳಿದರೆ ಬರಿಗಾಲಲ್ಲಿ ಸಾವಿರದ ನೂರ ನಲವತ್ತು ಮೆಟ್ಟಿಲು ಹತ್ತುವುದು. ಹತ್ತುವವರು ಅವರೇ.

"ನನ್ನ ಕಾಲನ್ನ ನನ್ನನ್ನೇ ಕೇಳದೆ ಒತ್ತೆ ಇಟ್ಟೆಯಾ?" ಎಂದರು ಮಾವ ಕ್ಷೀಣ ದನಿಯಲ್ಲಿ.

"ಕೇಳೋಣ ಅಂದ್ರೆ ನಿಮಗೆ ಪ್ರಜ್ಞೆ ಇರ್ಲಿಲ್ಲ."

"ನಿನ್ನ ಕಾಲು ಇಡಬಹುದಿತ್ತಲ್ಲ."

"ನನ್ನ ಮಂಡಿ ಎರಡೂ ಸವೆದು ಕೂತಿವೆ. ದೇವರಿಗೆ ಕೆಟ್ಟ ಮಾಲು ಕೊಡೋಕಾಗತ್ತಾ?"

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅತ್ತೆ ಉತ್ಸಾಹದಲ್ಲಿ ಇನ್ನೊಂದು ಷರತ್ತನ್ನೂ ಸೇರಿಸಿಬಿಟ್ಟಿದ್ದಳು: ಹತ್ತಲು ಶುರು ಮಾಡಿದ ಮೇಲೆ ಒಂದು ಮೆಟ್ಟಿಲೂ ಕೆಳಗೆ ಇಳಿಯುವಂತಿಲ್ಲ. ದೇವರು ಇದನ್ನು ಕೇಳಿರಲಿಲ್ಲ. ಕೊಡುವಾಗ ಕೈ ಬಿಗಿ ಹಿಡಿಯಬಾರದು ಎಂಬ ಧಾರಾಳ ಬುದ್ಧಿ ನಮ್ಮ ಅತ್ತೆಯದು, ಅದರಲ್ಲೂ ಕೊಡುವ ವಸ್ತು ಗಂಡನದಾದಾಗ.

ಮಾವ ನಾಲ್ಕು ವರ್ಷ ಸಾಗಹಾಕಿದರು. ಮೊದಲ ವರ್ಷ ಹೊಲಿಗೆ ಮಾಯಬೇಕಿತ್ತು. ಎರಡನೆಯ ವರ್ಷ ಹಿಮ್ಮಡಿಯಲ್ಲಿ ನೋವು ಬಂತು, ಅದೂ ಸರಿಯಾಗಿ ಹೊರಡುವ ವಾರ. ಮೂರನೆಯ ವರ್ಷ ಬಿಸಿಲು ಹೆಚ್ಚಾಯಿತು. ಇಷ್ಟರಲ್ಲಿ ಅತ್ತೆಯ ಭಯ ಮಾತ್ರ ಬಲಿಯುತ್ತಾ ಹೋಯಿತು. ಮಾವನಿಗೆ ಬಿಕ್ಕಳಿಕೆ ಬಂದರೂ ಹರಕೆ ತೀರಿಸದ್ದಕ್ಕೆ, ಕೆಮ್ಮಿದರೂ ಅದಕ್ಕೇ. ಮಧ್ಯಾಹ್ನ ಊಟವಾಗಿ ಅವರು ಒಂದು ಗಳಿಗೆ ಕಣ್ಣು ಮುಚ್ಚಿದರೆ ಅತ್ತೆ ಸದ್ದಿಲ್ಲದೆ ಹೋಗಿ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾವನೂ ಒಂದು ದಿನ ಅರೆಗಣ್ಣು ತೆರೆದು ಕಂಡಿರಬೇಕು. ಆ ಸಂಜೆಯೇ ಡಾಕ್ಟರ ಬಳಿ ಹೋಗಿ ಬಂದರು. "ನಿಧಾನಕ್ಕೆ ಹತ್ತಿ, ಯಾವ ಕಾರಣಕ್ಕೂ ಓಡಬೇಡಿ" ಎಂದಿದ್ದರಂತೆ ಡಾಕ್ಟರು.

ಬೆಟ್ಟಕ್ಕೆ ಹೊರಟೆವು. ಅತ್ತೆಗೆ ಗಂಡನ ಮೇಲೆ ಅಪಾರ ಪ್ರೀತಿ, ನಂಬಿಕೆ ಮಾತ್ರ ಅಷ್ಟಕ್ಕಷ್ಟೆ. ಆದ್ದರಿಂದ ಮೆಟ್ಟಿಲು ಎಣಿಸುತ್ತಾ ಮಾವನ ಜೊತೆ ಹತ್ತಲು ಲೆಕ್ಕದ ಮೇಷ್ಟರಾದ ನನ್ನನ್ನು ಕಾವಲಿಗೆ ಹಾಕಿದಳು. ಅವಳದು ಬೇರೆ ದಾರಿ. ಬೆಟ್ಟದ ಬಹುಪಾಲು ಎತ್ತರದವರೆಗೆ ವ್ಯಾನ್ ಹೋಗುತ್ತದೆ. ಅಲ್ಲಿಂದ ದೇವಸ್ಥಾನಕ್ಕೆ ಕಡಿದಾದ ನೂರ ಇಪ್ಪತ್ತು ಮೆಟ್ಟಿಲು, ಮಂಡಿನೋವಿನ ಭಕ್ತರಿಗಾಗಿ ಅದರ ಪಕ್ಕದಲ್ಲೇ ಗಾಜಿನ ಗೋಪುರದಂಥ ಲಿಫ್ಟ್.

"ನಾನು ಲಿಫ್ಟಿನವನು ಮೆಟ್ಟಿಲು ಹತ್ತಬೇಕು, ಅವಳು ಲಿಫ್ಟಲ್ಲಿ ಹೋಗಬೇಕು. ನಿಮ್ಮ ದೇವರಿಗೆ ತಮಾಷೆ ಗೊತ್ತು ಕಣಯ್ಯ" ಎಂದು ಮಾವ ಮೊದಲ ಮೆಟ್ಟಿಲ ಮೇಲೆ ಬರಿಗಾಲಿಟ್ಟರು.

ಇನ್ನೂರರ ತನಕ ಗೊಣಗಿದರು. ಐನೂರರ ತನಕ ಮೆಟ್ಟಿಲು ಕಟ್ಟಿದ ಮೇಸ್ತ್ರಿಯ ವಂಶವನ್ನು ಜಾಲಾಡಿದರು. ಯಾವ ಎರಡು ಮೆಟ್ಟಿಲೂ ಒಂದೇ ಎತ್ತರಕ್ಕಿರಲಿಲ್ಲ. ಆಮೇಲೆ ಮಾತು ನಿಂತಿತು. ಪ್ರತಿ ಐವತ್ತಕ್ಕೆ ಕೂತು, ನಾಡಿ ಹಿಡಿದು ನೋಡಿಕೊಂಡು, ಮತ್ತೆ ಏಳುತ್ತಿದ್ದರು. ಅವರನ್ನು ಹಿಂದೆ ಹಾಕಿ ಹೋಗುವವರೆಲ್ಲ "ದೇವರು ಶಕ್ತಿ ಕೊಡ್ತಾನೆ, ಹತ್ತಿ" ಎಂದು ಹೇಳಿ ಹೋಗುತ್ತಿದ್ದರು, ಶಕ್ತಿ ಹಂಚುವ ಗುತ್ತಿಗೆ ತಮಗೇ ಸಿಕ್ಕಿದಂತೆ. ಶೂ ಹಾಕಿಕೊಂಡಿದ್ದ ನನಗೂ ಏದುಸಿರು ಬಂದಿತ್ತು. ಮಾವನ ಅಂಗಾಲಿನಲ್ಲಿ ಎರಡು ಕಡೆ ಬೊಬ್ಬೆ ಎದ್ದಿದ್ದವು. ಆದರೂ ವ್ಯಾನ್ ನಿಲ್ಲುವ ಜಾಗ ದಾಟಿ, ಕೊನೆಯ ಕಡಿದಾದ ಭಾಗದಲ್ಲೂ ಅರ್ಧಕ್ಕಿಂತ ಹೆಚ್ಚು ಹತ್ತಿಬಿಟ್ಟರು. ನಲವತ್ತು ಮೆಟ್ಟಿಲು ಉಳಿದಿತ್ತು.

ಆಗ ಪಕ್ಕದ ಗಾಜಿನ ಗೋಪುರದಲ್ಲಿ ಲಿಫ್ಟು ಮೇಲೆ ಬಂತು. ಆರು ಜನರ ಪೆಟ್ಟಿಗೆಯಲ್ಲಿ ಹತ್ತು ಜನ, ಗಾಜಿಗೆ ಒತ್ತಿಕೊಂಡು ಅತ್ತೆ. ಮೇಲಿನ ಬಾಗಿಲಿಗೆ ಇನ್ನೂ ಅರ್ಧ ಆಳು ಎತ್ತರ ಬಾಕಿ ಇರುವಾಗ ಅದು ನಿಂತುಬಿಟ್ಟಿತು.

"ಎಣ್ಣೆ ಒತ್ತಡದಲ್ಲಿ ಏರೋ ಲಿಫ್ಟು, ವಾಲ್ವ್ ಕಚ್ಕೊಂಡಿದೆ. ದೇವರ ಲಿಫ್ಟಾದ್ರೇನು, ಎಣ್ಣೆ ಬದಲಾಯಿಸಬೇಡವಾ?" ಎಂದರು ಮಾವ. ದನಿಯಲ್ಲಿ ಒಂದಿಷ್ಟು ಖುಷಿಯೂ ಇತ್ತು.

ಖುಷಿ ಒಂದು ನಿಮಿಷವೂ ಉಳಿಯಲಿಲ್ಲ. ಮೇಲೆ ನಾಲ್ಕು ಜನ ಸ್ವಯಂಸೇವಕರು ಹಾರೆ ತಂದು ಬಾಗಿಲು ಮೀಟಿ ತೆರೆದರು. ಸೇವೆ ಮಾಡುವ ಅವಕಾಶ ಸಿಕ್ಕಿದರೆ ಬುದ್ಧಿಯನ್ನು ಮನೆಯಲ್ಲಿಟ್ಟು ಬರುವ ಪೈಕಿ. ಒಳಗಿದ್ದವರನ್ನು ಒಬ್ಬೊಬ್ಬರಾಗಿ ಆ ಸಂದಿಯಿಂದ ಮೇಲಕ್ಕೆ ಎಳೆದುಕೊಳ್ಳಲು ಕೈ ಚಾಚಿದರು. ಮಾವನ ಮುಖ ಬಿಳುಚಿಕೊಂಡಿತು.

"ಅರ್ಧ ಮೈ ಹೊರಗಿದ್ದಾಗ ಲಿಫ್ಟ್ ಅಲ್ಲಾಡಿದ್ರೆ ಮನುಷ್ಯ ಎರಡು ತುಂಡು" ಎಂದರು. ಕಸುಬಿಗೆ ಸೇರಿದ ಹೊಸತರಲ್ಲಿ ಅಂಥದ್ದೊಂದನ್ನು ಅವರು ನೋಡಿದ್ದರು. ಅದರ ಬಗ್ಗೆ ಕೇಳಿದರೆ ಯಾವಾಗಲೂ ಮಾತು ಬದಲಿಸುತ್ತಿದ್ದರು. ಎಳೆಯಬೇಡಿ ಎಂದು ಮೇಲಿನವರಿಗೆ ಕೂಗಿದರು. ಅವರು ಕೈಬೀಸಿ "ಹತ್ತಿ ಬನ್ನಿ ಯಜಮಾನ್ರೇ" ಎಂದು ಹುರಿದುಂಬಿಸಿದರು.

ನನ್ನ ಕೈಯಿಂದ ಫೋನ್ ಕಸಿದು ಅತ್ತೆಗೆ ಮಾಡಿದರು. "ಬಾಗಿಲಿಗೆ ಅಡ್ಡ ನಿಂತ್ಕೋ. ಒಬ್ಬರನ್ನೂ ಹೊರಗೆ ಹತ್ತೋಕೆ ಬಿಡಬೇಡ. ಯಂತ್ರ ಕೆಳಗಿದೆ, ಹೋಗಿ ಮೆಲ್ಲಗೆ ಇಳಿಸ್ತೀನಿ."

"ನೀವು ಇಳೀಬೇಡಿ" ಎಂದಳು ಅತ್ತೆ. ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಇನ್ನು ನಾಕೇ ನಾಕು ಮೆಟ್ಟಿಲು. ದಮ್ಮಯ್ಯ ಅಂತೀನಿ, ನೀವು ಮೇಲೆ ಹೋಗಿ. ನನಗೇನೂ ಆಗಲ್ಲ."

ನಾಕೇ ನಾಕು ಅಲ್ಲ, ನಲವತ್ತು. ಆದರೆ ಗಾಜಿನೊಳಗಿಂದ ಅವಳು ಕೈಮುಗಿಯುತ್ತಿದ್ದದ್ದು ಕಾಣುತ್ತಿತ್ತು. ನಾನು ಹೋಗುತ್ತೇನೆ, ಹೇಗೆ ಅಂತ ಹೇಳಿ ಎಂದೆ. "ಅಲ್ಲಿ ಎರಡು ಹಿಡಿಕೆ ಇರತ್ತೆ, ಒಂದನ್ನ ಮುಟ್ಟಬಾರದು. ಹತ್ತು ಜೀವ ಇಟ್ಕೊಂಡು ನಿಂಗೆ ಪಾಠ ಮಾಡ್ಲಾ?" ಎಂದವರೇ ಮಾವ ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟರು. ಆಮೇಲೆ ಓಡಿದರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಎದೆಯ ಮೇಲೆ.

ಕೆಳಗೆ ಯಂತ್ರದ ಕೋಣೆಯಲ್ಲಿ ಲಿಫ್ಟಿನ ಆಪರೇಟರು ಕಂಪನಿಗೆ ಫೋನ್ ಮಾಡಿ, ಮೂರು ಗಂಟೆಗೆ ಬರುತ್ತಾರೆ ಎಂದು ನೆಮ್ಮದಿಯಿಂದ ಕೂತಿದ್ದ. ಮಾವ ಅವನನ್ನು ಪಕ್ಕಕ್ಕೆ ತಳ್ಳಿ ಹಿಡಿಕೆಯನ್ನು ಕೂದಲೆಳೆಯಷ್ಟು ತಿರುಗಿಸಿ ಕಿವಿಗೊಟ್ಟರು, ಮತ್ತಿಷ್ಟು ತಿರುಗಿಸಿದರು. ಹತ್ತು ನಿಮಿಷದಲ್ಲಿ ಲಿಫ್ಟು ನೆಲಕ್ಕೆ ಬಂತು. ಹೊರಬಂದವರೆಲ್ಲ ಶಿಖರದ ಕಡೆ ತಿರುಗಿ, ದೇವರೇ ಕಾಪಾಡಿದ ಎಂದು ಕೆನ್ನೆ ಬಡಿದುಕೊಂಡರು. ಎಣ್ಣೆ ಮೆತ್ತಿದ ಕೈಯಲ್ಲಿ ಗೋಡೆ ಹಿಡಿದು ನಿಂತ ಮುದುಕನನ್ನು ಯಾರೂ ನೋಡಲಿಲ್ಲ. ಒಬ್ಬಾತ ಮಾತ್ರ, ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದು ಅವರನ್ನೇ ಗದರಿಸಿ ಹೋದ.

ಕೊನೆಗೆ ಬಂದವಳು ಅತ್ತೆ. ಬಾಗಿಲಿಗೆ ಅಡ್ಡ ನಿಂತು ನಿಂತು ಸೆರಗು ಹರಿದಿತ್ತು. ಅವಳು ಬೈಯುತ್ತಾಳೆಂದು ಕಾದೆ.

"ಮತ್ತೆ ಮೊದಲಿಂದ ಹತ್ತುತೀನಿ ಬಿಡು" ಎಂದರು ಮಾವ. "ಈಗಲೇ ಹೊರಟ್ರೆ ಸಂಜೆಯೊಳಗೆ..." ಉಸಿರು ಸಾಲದೆ ಮಾತು ಅಲ್ಲಿಗೇ ನಿಂತಿತು. ಅವರು ಅಂದದ್ದು ತಮಾಷೆಗಲ್ಲ.

ಅತ್ತೆ ಅವರನ್ನು ಕಟ್ಟೆಯ ಮೇಲೆ ಕೂರಿಸಿದಳು. "ಎದೆ ಹಿಡ್ಕೊಂಡು ಇಳಿದು ಬಂದ್ರಲ್ಲ, ಅದನ್ನ ಗಾಜಿನೊಳಗಿಂದ ನೋಡಿದೆ. ಇನ್ನೊಂದು ಸಲ ನೋಡೋಕೆ ನನ್ನಿಂದಾಗಲ್ಲ" ಎಂದಳು. ಆಮೇಲೆ ಶಿಖರದ ಕಡೆ ತಿರುಗಿದಳು. ಕೈ ಮುಗಿಯಲಿಲ್ಲ. ಪಕ್ಕದ ಮನೆಯವರ ಜೊತೆ ಮಾತಾಡುವಂತೆ ಮಾತಾಡಿದಳು.

"ಕೇಳಿಸ್ಕೋ. ಹರಕೆ ಹೊತ್ತೋಳು ನಾನು. ಇವರನ್ನ ಒಂದು ಮಾತೂ ಕೇಳಿರ್ಲಿಲ್ಲ. ಕೋಪ ಬಂದಿದ್ರೆ ನನ್ನ ಮೇಲೆ ತೀರಿಸ್ಕೋ. ಇವರ ತಂಟೆಗೆ ಬರಬೇಡ."

ಅತ್ತೆ ಚೀಲದಿಂದ ಮಾವನ ಚಪ್ಪಲಿ ತೆಗೆದು ಕಾಲ ಬಳಿ ಇಟ್ಟು, "ಹಾಕ್ಕೊಳ್ಳಿ, ಮನೆಗೆ ಹೋಗೋಣ" ಎಂದಳು.